ಗೋಡೆಗೆ ಬೂಷ್ಟು ಬಂದಿದೆಯೇ? ಬಣ್ಣ ಬಳಿಯುವ ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ



ಮಳೆಗಾಲದಲ್ಲಿ ನಾವು ಸಂಘಗಳ ಸಭೆಗೆ ಬಂದಾಗ ಅನೇಕ ಮನೆಗಳಲ್ಲಿ ಒಂದೇ ಮಾತು ಕೇಳುತ್ತೇವೆ. "ಗೋಡೆ ಎಲ್ಲಾ ಕಪ್ಪಗೆ ಆಗೋಗಿದೆ ಮೇಡಂ, ಎಷ್ಟು ಒರೆಸಿದ್ರೂ ಮತ್ತೆ ಬರುತ್ತೆ." ಆರಿದ್ರಾ ಮಳೆ ಹಿಡಿದರೆ ಪುನರ್ವಸು, ಪುಷ್ಯ ಮುಗಿಯುವ ತನಕ ಬಿಸಿಲು ಕಾಣುವುದು ಅಪರೂಪ. ಹೆಚ್.ಡಿ.ಕೋಟೆಯ ಕಾಡಂಚಿನ ಊರುಗಳಲ್ಲಿ, ಪಿರಿಯಾಪಟ್ಟಣದ ಕೊಡಗಿನ ಕಡೆಯ ಊರುಗಳಲ್ಲಿ ಇದು ಇನ್ನೂ ಹೆಚ್ಚು. ಬಟ್ಟೆ ಒಣಗುವುದಿಲ್ಲ, ಸೌದೆ ಒಣಗುವುದಿಲ್ಲ, ಗೋಡೆಯೂ ಒಣಗುವುದಿಲ್ಲ. ಆಗ ಬೂಷ್ಟು ಬರುತ್ತದೆ. ಕೆಲವರು ಇದನ್ನು ಬೂಸಲು ಎನ್ನುತ್ತಾರೆ.

ಹುಣಸೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಡೆದದ್ದನ್ನು ಮೊದಲು ಹೇಳುತ್ತೇವೆ. ಸಂಘದ ಒಬ್ಬ ಸದಸ್ಯೆಯ ಮನೆ ಆರ್.ಸಿ.ಸಿ. ಮನೆ. ಮಲಗುವ ಕೋಣೆಯ ಮೂಲೆ ಪ್ರತಿ ವರ್ಷ ಕಪ್ಪಾಗುತ್ತಿತ್ತು. ಸಂಘದಿಂದ ಸಾಲ ತೆಗೆದು ಎರಡು ಸಲ ಬಣ್ಣ ಹೊಡೆಸಿದರು. ಮೊದಲ ಸಾಲದ ಕಂತು ಮುಗಿಯುವ ಮೊದಲೇ ಮೂಲೆ ಮತ್ತೆ ಕಪ್ಪಾಗಿತ್ತು. ಆ ಕೋಣೆಯಲ್ಲೇ ಮಲಗುವ ಮಗಳಿಗೆ ರಾತ್ರಿ ಕೆಮ್ಮು, ಎದೆಯಲ್ಲಿ ಸುಯ್ ಅನ್ನೋ ಸದ್ದು. ಮೂರನೆಯ ಸಲ ಸಾಲ ಕೇಳಿದಾಗ ಸಂಘದವರು ಒಂದು ಒಳ್ಳೆಯ ಕೆಲಸ ಮಾಡಿದರು. ಸಾಲ ಕೊಡುವ ಮೊದಲು ಎಲ್ಲರೂ ಹೋಗಿ ಮನೆ ನೋಡಿದರು. ಒಬ್ಬರು ತಾರಸಿ ಹತ್ತಿದರು. ಪಕ್ಕದ ಮರದ ಎಲೆ ಬಿದ್ದು ಕೊಳೆತು ತಾರಸಿಯ ನೀರು ಹೋಗುವ ಕೊಳವೆ ಕಟ್ಟಿಕೊಂಡಿತ್ತು. ಆ ಮೂಲೆಯಲ್ಲಿ ಕಾಲು ಮುಳುಗುವಷ್ಟು ನೀರು ನಿಂತಿತ್ತು. ಅದರ ಕೆಳಗೇ ಮಗಳ ಹಾಸಿಗೆ.

ಒಂದು ಬಕೆಟ್ ಎಲೆ ತೆಗೆದರು. ನೀರು ಹರಿದು ಹೋಯಿತು. ಮಳೆ ನಿಂತ ಮೇಲೆ ಬಿರುಕಿಗೆ ಸಿಮೆಂಟ್ ಹಾಕಿಸಿದರು. ಗೋಡೆ ಪೂರ್ತಿ ಒಣಗಿದ ಮೇಲೆ ಸುಣ್ಣ ಹೊಡೆದರು. ಮೂರನೆಯ ಸಾಲ ಬೇಕಾಗಲಿಲ್ಲ.

ನಾವು ಈ ಕರಪತ್ರದಲ್ಲಿ ಹೇಳಬೇಕಾದ ಮುಖ್ಯ ವಿಷಯ ಇದೇ. ಬೂಷ್ಟು ಗೋಡೆಯ ಕಾಯಿಲೆ ಅಲ್ಲ, ನೀರಿನ ಗುರುತು. ನೀರು ನಿಲ್ಲಿಸದೆ ಒರೆಸಿದರೆ, ಬಣ್ಣ ಬಳಿದರೆ, ಬೇರು ಬಿಟ್ಟು ಎಲೆ ಕಿತ್ತ ಹಾಗೆ.

ಬೂಷ್ಟು ಎಂದರೇನು?

ಬೂಷ್ಟು ಒಂದು ಶಿಲೀಂಧ್ರ. ಅಣಬೆಯ ಜಾತಿಗೆ ಸೇರಿದ್ದು. ಇದರ ಬೀಜದಂಥ ಕಣಗಳು ಕಣ್ಣಿಗೆ ಕಾಣುವುದಿಲ್ಲ. ಗಾಳಿಯಲ್ಲಿ ಎಲ್ಲಾ ಕಡೆ ಇರುತ್ತವೆ, ನಮ್ಮ ಮನೆಯೊಳಗೂ ಇರುತ್ತವೆ. ಇವುಗಳನ್ನು ಪೂರ್ತಿ ಓಡಿಸಲು ಯಾರಿಂದಲೂ ಆಗದು. ಆದರೆ ಒಣಗಿದ ಜಾಗದಲ್ಲಿ ಬಿದ್ದರೆ ಸುಮ್ಮನೆ ಇರುತ್ತವೆ. ತೇವ ಸಿಕ್ಕಿದರೆ ಮೊಳೆಯುತ್ತವೆ. ಬಣ್ಣ, ಮರ, ಕಾಗದ, ರಟ್ಟು, ಹತ್ತಿ, ಚರ್ಮ, ಗೋಡೆಗೆ ಅಂಟಿದ ಧೂಳು, ಎಣ್ಣೆ ಜಿಡ್ಡು, ಇವೆಲ್ಲ ಇದಕ್ಕೆ ಆಹಾರ. ಒದ್ದೆಯಾದ ವಸ್ತುವನ್ನು 24ರಿಂದ 48 ಗಂಟೆಯೊಳಗೆ ಒಣಗಿಸಿದರೆ ಸಾಮಾನ್ಯವಾಗಿ ಬೂಷ್ಟು ಹಿಡಿಯುವುದಿಲ್ಲ. ಅದಕ್ಕಿಂತ ತಡವಾದರೆ ಹಿಡಿಯುತ್ತದೆ. ಈ ಎರಡು ದಿನದ ಲೆಕ್ಕವನ್ನು ನೆನಪಿಟ್ಟುಕೊಳ್ಳಿ.

ಗೋಡೆಯ ಬುಡದಲ್ಲಿ ಬಿಳಿ ಪುಡಿ ಬಂದರೆ ಅದು ಎಲ್ಲಾ ಸಲ ಬೂಷ್ಟು ಅಲ್ಲ. ನೆಲದ ನೀರು ಗೋಡೆಗೆ ಏರಿ ಒಣಗುವಾಗ ಉಪ್ಪು ಹೊರಗೆ ಬಿಡುತ್ತದೆ. ಆ ಪುಡಿಯ ಮೇಲೆ ಒಂದು ಹನಿ ನೀರು ಹಾಕಿ ನೋಡಿ. ಕರಗಿದರೆ ಉಪ್ಪು, ಕರಗದಿದ್ದರೆ ಬೂಷ್ಟು ಇರಬಹುದು. ಎರಡಕ್ಕೂ ಕಾರಣ ಮಾತ್ರ ನೀರೇ.

ಇದರಿಂದ ಏನು ತೊಂದರೆ?

ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಮನೆಯೊಳಗಿನ ತೇವ ಮತ್ತು ಬೂಷ್ಟಿನ ಬಗ್ಗೆಯೇ ಒಂದು ಮಾರ್ಗಸೂಚಿ ಹೊರಡಿಸಿತು. ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ವಾಸಿಸುವವರಿಗೆ ಕೆಮ್ಮು, ಉಬ್ಬಸ, ಶ್ವಾಸಕೋಶದ ಸೋಂಕು ಹೆಚ್ಚು ಎಂದು ಅದರಲ್ಲಿ ಹೇಳಿದೆ. ಮಕ್ಕಳು, ವಯಸ್ಸಾದವರು, ಮೊದಲೇ ಆಸ್ತಮಾ ಇರುವವರಿಗೆ ತೊಂದರೆ ಜಾಸ್ತಿ.

ದೂರದ ಒಂದು ಉದಾಹರಣೆ ಹೇಳುತ್ತೇವೆ. ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿ ಅವಾಬ್ ಇಶಾಕ್ ಎಂಬ ಗಂಡು ಮಗುವಿನ ಮನೆ ತುಂಬ ಬೂಷ್ಟು ಇತ್ತು. ಅದು ಬಾಡಿಗೆ ಮನೆ. 2017ರಲ್ಲೇ ತಂದೆ ದೂರು ಕೊಟ್ಟಾಗ, ಮೇಲೆ ಬಣ್ಣ ಬಳಿದುಕೊಳ್ಳಿ ಎಂಬ ಉತ್ತರ ಬಂತು. 2020ರ ಡಿಸೆಂಬರಿನಲ್ಲಿ, 2 ವರ್ಷ ತುಂಬಿದ ಕೆಲವೇ ದಿನಕ್ಕೆ ಮಗು ಉಸಿರಾಟದ ತೊಂದರೆಯಿಂದ ತೀರಿಕೊಂಡಿತು. ಬಹಳ ಕಾಲ ಬೂಷ್ಟಿನ ಗಾಳಿ ಕುಡಿದದ್ದೇ ಸಾವಿಗೆ ಕಾರಣ ಎಂದು 2022ರಲ್ಲಿ ವಿಚಾರಣೆ ನಡೆಸಿದ ಅಧಿಕಾರಿ ತೀರ್ಮಾನಿಸಿದರು. ಆ ಮಗುವಿನ ಹೆಸರಿನಲ್ಲಿ ಅಲ್ಲಿ 2023ರಲ್ಲಿ ಕಾನೂನು ಆಯಿತು. ಬಣ್ಣ ಬಳಿದರೆ ಸಾಕು ಎಂಬ ಮಾತು ಎಷ್ಟು ತಪ್ಪು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಹಾಗೆಂದು ಗಾಬರಿಯಾಗಬೇಡಿ. ಬೂಷ್ಟು ಇದ್ದ ಮನೆಯಲ್ಲೆಲ್ಲ ಇಷ್ಟು ಕೆಟ್ಟದ್ದು ಆಗುವುದಿಲ್ಲ. 2021ರಲ್ಲಿ ಕೊರೋನಾ ಎರಡನೇ ಅಲೆಯ ಹೊತ್ತಿಗೆ "ಕಪ್ಪು ಶಿಲೀಂಧ್ರ" ಎಂಬ ಕಾಯಿಲೆ ಬಂದು ಜನ ಹೆದರಿದ್ದರು. ಗೋಡೆಯ ಕಪ್ಪು ಕಲೆ ಎಂದರೆ ಆ ಕಾಯಿಲೆ ಎಂದಲ್ಲ. ಆ ಕಾಯಿಲೆ ಹೆಚ್ಚಾಗಿ ಬಂದದ್ದು ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಿಗೆ ಮತ್ತು ಸ್ಟೆರಾಯ್ಡ್ ಔಷಧಿ ಹೆಚ್ಚು ತೆಗೆದುಕೊಂಡವರಿಗೆ. ಆದರೂ ಸಕ್ಕರೆ ಕಾಯಿಲೆ ಇರುವವರು ಬೂಷ್ಟು ತೆಗೆಯುವ ಕೆಲಸದಿಂದ ದೂರ ಇರುವುದು ಒಳ್ಳೆಯದು.

ಇನ್ನೊಂದು ಮಾತು. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದ್ದರೆ "ಗೋಡೆ ತೇವ ಕಣವ್ವಾ, ಅದಕ್ಕೇ" ಅಂತ ಸುಮ್ಮನಿರಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಕಫ ಪರೀಕ್ಷೆ ಮಾಡಿಸಿ. ಕ್ಷಯ ರೋಗದ ಪರೀಕ್ಷೆ, ಚಿಕಿತ್ಸೆ ಎರಡೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ತೋರಿಸುತ್ತಾರೆ.

ನೀರು ಎಲ್ಲಿಂದ ಬರುತ್ತದೆ?

ಮನೆಗೆ ತೇವ ಬರುವ ದಾರಿಗಳು ಐದು. ಒಂದೊಂದಾಗಿ ನೋಡಿ.

1. ಮೇಲಿನಿಂದ. ಹೆಂಚಿನ ಮನೆಯಲ್ಲಿ ಸರಿದ ಅಥವಾ ಒಡೆದ ಹೆಂಚು. ಆರ್.ಸಿ.ಸಿ. ಮನೆಯಲ್ಲಿ ಬಿರುಕು ಮತ್ತು ಕಟ್ಟಿಕೊಂಡ ಕೊಳವೆ. ಶೀಟಿನ ಮನೆಯಲ್ಲಿ ಮೊಳೆ ಹೊಡೆದ ತೂತು. ಕಲೆ ಮೇಲಿನಿಂದ ಕೆಳಕ್ಕೆ ಇಳಿದಿದ್ದರೆ, ಮಳೆ ಬಂದ ಮರುದಿನ ಹೆಚ್ಚಾದರೆ, ಇದೇ ಕಾರಣ.

2. ಕೆಳಗಿನಿಂದ. ಚರಂಡಿ ನೀರು ಗೋಡೆ ಪಕ್ಕ ನಿಂತರೆ, ಸೂರಿನ ನೀರು ಬುಡಕ್ಕೇ ಬಿದ್ದರೆ, ಬಚ್ಚಲ ನೀರು ಹಿಂದೆ ಇಂಗಿದರೆ ಗೋಡೆ ಅದನ್ನು ಬತ್ತಿ ಎಣ್ಣೆ ಎಳೆದ ಹಾಗೆ ಮೇಲಕ್ಕೆ ಎಳೆಯುತ್ತದೆ. ಕಲೆ ನೆಲದಿಂದ ಮೊಳಕಾಲಿನ ತನಕ ಸಾಲಾಗಿ ಇರುತ್ತದೆ. ಕೆ.ಆರ್.ನಗರದ ಗದ್ದೆ ಬಯಲಿನ ಊರುಗಳಲ್ಲಿ, ನಾಲೆಯ ಪಕ್ಕದ ಮನೆಗಳಲ್ಲಿ ಇದು ಸಾಮಾನ್ಯ.

3. ಪೈಪಿನಿಂದ. ಗೋಡೆಯೊಳಗಿನ ನಲ್ಲಿ ಪೈಪು, ಸಿಂಟೆಕ್ಸ್ ತೊಟ್ಟಿಯ ಜೋಡಣೆ. ಬೇಸಿಗೆಯಲ್ಲೂ ಕಲೆ ಒಣಗದಿದ್ದರೆ ಪೈಪನ್ನು ಅನುಮಾನಿಸಿ.

4. ಒಳಗಿನ ಹಬೆಯಿಂದ. ಅನ್ನ ಬೇಯಿಸುವ ಹಬೆ, ನೀರೊಲೆ, ಒಳಗೆ ಹಗ್ಗ ಕಟ್ಟಿ ಒಣಹಾಕಿದ ಬಟ್ಟೆ, ಕಿಟಕಿ ಮುಚ್ಚಿ ಐದಾರು ಜನ ಮಲಗಿದಾಗಿನ ಉಸಿರು. ಈ ಹಬೆ ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತದೆ. ಬೀರು ಹಿಂದೆ, ಮಂಚದ ಹಿಂದೆ, ಮೂಲೆಯಲ್ಲಿ ಚುಕ್ಕಿ ಚುಕ್ಕಿಯಾಗಿ ಕಪ್ಪು ಬರುತ್ತದೆ.

5. ಯಂತ್ರದಿಂದ. ಫ್ರಿಜ್ಜಿನ ಹಿಂದಿನ ತಟ್ಟೆ, ಎ.ಸಿ. ಯಂತ್ರ. ಇದರ ಬಗ್ಗೆ ಮುಂದೆ ಬೇರೆಯಾಗಿ ಹೇಳುತ್ತೇವೆ.

ಹೊರಗಿನ ನೀರೋ ಒಳಗಿನ ಹಬೆಯೋ ಗೊತ್ತಾಗದಿದ್ದರೆ ಒಂದು ಸುಲಭ ಪರೀಕ್ಷೆ ಇದೆ. ಗೋಡೆಯ ಮೇಲಿನ ತೇವ ಒರೆಸಿ, ಅಂಗೈ ಅಗಲದ ತಿಳಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ. ಒಂದೆರಡು ದಿನ ಬಿಡಿ. ಹಾಳೆಯ ಹಿಂದೆ, ಗೋಡೆಯ ಕಡೆ ಹನಿ ಕಟ್ಟಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಹಾಳೆಯ ಮೇಲೆ, ನಮ್ಮ ಕಡೆ ಹನಿ ಇದ್ದರೆ ಅದು ಕೋಣೆಯ ಹಬೆ. ಮೊದಲನೆಯದಾದರೆ ರಿಪೇರಿ ಬೇಕು. ಎರಡನೆಯದಾದರೆ ಖರ್ಚಿಲ್ಲ, ಕಿಟಕಿ ತೆರೆದರೆ ಸಾಕು.

ಎ.ಸಿ. ನೀರು ಸೋರಿದರೆ

"ನಮ್ಮನೇಲಿ ಎ.ಸಿ. ಎಲ್ಲಿ ಬಂತು?" ಎಂದು ನಗಬೇಡಿ. ಹುಣಸೂರು, ಕೆ.ಆರ್.ನಗರದ ಅಂಗಡಿಗಳಲ್ಲಿ ಎ.ಸಿ. ಇದೆ. ನಮ್ಮ ಮಕ್ಕಳು ಮೈಸೂರು, ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿ ಇದ್ದಾರೆ. ನಮ್ಮ ಸದಸ್ಯರಲ್ಲೇ ಕೆಲವರು ಬೇರೆಯವರ ಮನೆ, ಕಚೇರಿ ಸ್ವಚ್ಛ ಮಾಡುವ ಕೆಲಸಕ್ಕೆ ಹೋಗುತ್ತಾರೆ. ಎ.ಸಿ. ಕೆಳಗಿನ ಕಪ್ಪು ಕಲೆ ಒರೆಸುವ ಕೆಲಸ ಅವರ ಪಾಲಿಗೇ ಬರುತ್ತದೆ.

ತಣ್ಣೀರು ತುಂಬಿದ ಸ್ಟೀಲ್ ಚೊಂಬಿನ ಹೊರಗೆ ಹನಿ ಕಟ್ಟುವುದನ್ನು ನೋಡಿದ್ದೀರಿ. ಎ.ಸಿ.ಯೊಳಗೆ ತಣ್ಣನೆಯ ಕೊಳವೆಗಳ ಮೇಲೆ ಹಾಗೆಯೇ ಹನಿ ಕಟ್ಟುತ್ತದೆ. ಆ ನೀರು ಒಂದು ತಟ್ಟೆಗೆ ಬಿದ್ದು ಸಣ್ಣ ಪೈಪಿನಲ್ಲಿ ಹೊರಗೆ ಹೋಗಬೇಕು. ಪೈಪಿನಲ್ಲಿ ಧೂಳು, ಲೋಳೆ ಕಟ್ಟಿಕೊಂಡರೆ, ಪೈಪಿಗೆ ಇಳಿಜಾರು ಇಲ್ಲದಿದ್ದರೆ ನೀರು ತಟ್ಟೆ ತುಂಬಿ ಗೋಡೆಗೆ ಇಳಿಯುತ್ತದೆ. ಗಾಳಿ ಸೋಸುವ ಜಾಲರಿ ಧೂಳಿನಿಂದ ಮುಚ್ಚಿಹೋದರೆ ಒಳಗೆ ಮಂಜುಗಡ್ಡೆ ಕಟ್ಟಿ, ಅದು ಕರಗಿದಾಗಲೂ ಸೋರುತ್ತದೆ. ಹೊರಗಿನ ಪೈಪಿನ ತುದಿ ಗೋಡೆಗೇ ಬಿದ್ದರೆ ಪಕ್ಕದವರ ಗೋಡೆಗೂ ಬೂಷ್ಟು.

ಮಾಡಬೇಕಾದ್ದು: ಮೊದಲು ಎ.ಸಿ. ಆರಿಸಿ, ಮೈನ್ ಸ್ವಿಚ್ ತೆಗೆಯಿರಿ. ಜಾಲರಿಯನ್ನು ಬಿಚ್ಚಿ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿ. ಬಳಸುವ ದಿನಗಳಲ್ಲಿ ತಿಂಗಳಿಗೊಮ್ಮೆಯಾದರೂ ಹೀಗೆ ಮಾಡಬೇಕು. ಪೈಪಿನ ಹೊರ ತುದಿಯನ್ನು ಬಕೆಟ್‌ಗೆ ಅಥವಾ ಚರಂಡಿಗೆ ಬಿಡಿ. ಪೈಪು ಕಟ್ಟಿದ್ದರೆ, ಒಳಗಿನ ತಟ್ಟೆಯಲ್ಲಿ ಬೂಷ್ಟು ಇದ್ದರೆ ಮೆಕ್ಯಾನಿಕ್ ಕರೆಸಿ, ನೀವೇ ಬಿಚ್ಚಬೇಡಿ. ಕೆಲಸಕ್ಕೆ ಹೋಗುವ ಸದಸ್ಯರು ಮಾಲೀಕರಿಗೆ ಧೈರ್ಯವಾಗಿ ಹೇಳಿ: "ಅಮ್ಮಾ, ನಾನು ಒರೆಸಬಲ್ಲೆ. ಆದ್ರೆ ಪೈಪ್ ಸರಿ ಮಾಡಿಸದಿದ್ರೆ ಮತ್ತೆ ಬರುತ್ತೆ."

ಬೂಷ್ಟು ತೆಗೆಯುವ ಕ್ರಮ

ನೀರು ನಿಂತ ಮೇಲೆ ಮಾತ್ರ ಈ ಕೆಲಸಕ್ಕೆ ಕೈ ಹಾಕಿ. ಬಿಸಿಲು ಇರುವ ದಿನ ಆರಿಸಿಕೊಳ್ಳಿ. ಬಸುರಿಯರು, ಮಕ್ಕಳು, ಉಬ್ಬಸ ಇರುವವರು, ಸಕ್ಕರೆ ಕಾಯಿಲೆಯವರು ಆ ಹೊತ್ತು ಕೋಣೆಯಲ್ಲಿ ಇರಬಾರದು.

1. ಕೋಣೆಯ ಕಾಳು, ಪಾತ್ರೆ, ಹಾಸಿಗೆ ಹೊರಗೆ ಹಾಕಿ. ಕಿಟಕಿ ತೆರೆಯಿರಿ, ಒಳ ಬಾಗಿಲು ಮುಚ್ಚಿ.

2. ಮೂಗು, ಬಾಯಿಗೆ ಎನ್-95 ಮಾಸ್ಕ್ ಹಾಕಿ. ಸೆರಗು ಕಟ್ಟಿಕೊಂಡರೆ ಈ ಸಣ್ಣ ಕಣಗಳು ನಿಲ್ಲುವುದಿಲ್ಲ. ಕೈಗೆ ರಬ್ಬರ್ ಗ್ಲೌಸ್ ಇರಲಿ.

3. ಗೋಡೆ ತೇವವಾಗಿದ್ದು ಅಲ್ಲಿ ಸ್ವಿಚ್ ಬೋರ್ಡ್ ಇದ್ದರೆ ಮೈನ್ ಸ್ವಿಚ್ ತೆಗೆಯದೆ ಮುಟ್ಟಬೇಡಿ. ಕರೆಂಟ್ ಹೊಡೆಯುವ ಅಪಾಯ ಬೂಷ್ಟಿಗಿಂತ ದೊಡ್ಡದು.

4. ಒಣ ಪೊರಕೆಯಿಂದ ಗುಡಿಸಬೇಡಿ. ಕಣಗಳು ಮನೆ ತುಂಬ ಹಾರುತ್ತವೆ. ಮೊದಲು ಒದ್ದೆ ಬಟ್ಟೆಯಿಂದ ತೇವ ಮಾಡಿ.

5. ಸಿಮೆಂಟ್ ಗೋಡೆ, ಟೈಲ್ಸ್, ಕಬ್ಬಿಣ, ಗಾಜು ಆದರೆ ಬಟ್ಟೆ ಸೋಪಿನ ಪುಡಿ ಕಲಸಿದ ನೀರಿನಿಂದ ಬ್ರಷ್ ಹಾಕಿ ಉಜ್ಜಿ. ಒಳ್ಳೆಯ ನೀರಿನಲ್ಲಿ ಒರೆಸಿ. ಒಣ ಬಟ್ಟೆಯಿಂದ ತೇವ ತೆಗೆಯಿರಿ. ಹೆಚ್ಚಿನ ಮನೆಗಳಿಗೆ ಇಷ್ಟೇ ಸಾಕು.

6. ಬ್ಲೀಚಿಂಗ್ ಪೌಡರ್ ಹಾಕಲೇಬೇಕು ಎಂದಿಲ್ಲ. ಹಾಕುವುದಾದರೆ 1 ಲೀಟರ್ ನೀರಿಗೆ 3 ಟೀ ಚಮಚ, ಗಟ್ಟಿ ಮೇಲ್ಮೈಗೆ ಮಾತ್ರ, ಕಿಟಕಿ ತೆರೆದು. ಇದನ್ನು ಬಾತ್‌ರೂಂ ತೊಳೆಯುವ ಆಸಿಡ್ ಜೊತೆ, ವಿನೆಗರ್ ಜೊತೆ, ಅಮೋನಿಯಾ ಇರುವ ದ್ರವದ ಜೊತೆ ಎಂದಿಗೂ ಬೆರೆಸಬೇಡಿ. ವಿಷದ ಗಾಳಿ ಏಳುತ್ತದೆ, ಉಸಿರು ಕಟ್ಟಿ ಪ್ರಾಣಕ್ಕೇ ಅಪಾಯ.

7. ಗಾರೆ ಉದುರುತ್ತಿದ್ದರೆ ತೇವ ಮಾಡಿಕೊಂಡು ಕೆರೆದು ತೆಗೆಯಿರಿ. ಮಣ್ಣಿನ ಗೋಡೆಯಾದರೆ ಹಾಳಾದ ಪದರ ಕೆರೆದು, ಒಣಗಿಸಿ, ಹೊಸ ಮಣ್ಣು ಮೆತ್ತಿ.

8. ಹತ್ತಿ ಹಾಸಿಗೆ, ದಿಂಬು, ಗೋಣಿಚೀಲ, ರಟ್ಟಿನ ಪೆಟ್ಟಿಗೆ ಒಳಗೆ ತನಕ ಬೂಷ್ಟು ಹಿಡಿದಿದ್ದರೆ ಒರೆಸಿ ಪ್ರಯೋಜನವಿಲ್ಲ. ಮೇಲೆ ಮಾತ್ರ ಇದ್ದರೆ ತೊಳೆದು ಬಿರುಬಿಸಿಲಿಗೆ ಹಾಕಿ.

9. ಗೋಡೆ ಪೂರ್ತಿ ಒಣಗದೆ ಬಣ್ಣ ಹೊಡೆಸಬೇಡಿ. ಪ್ಲಾಸ್ಟಿಕ್‌ನಂಥ ನುಣುಪು ಬಣ್ಣ ತೇವವನ್ನು ಒಳಗೇ ಹಿಡಿದಿಡುತ್ತದೆ. ನಮ್ಮ ಹಿರಿಯರ ಸುಣ್ಣವೇ ಇಲ್ಲಿ ಮೇಲು. ಸುಣ್ಣಕ್ಕೆ ಕ್ಷಾರ ಗುಣ ಇದೆ, ಅದರ ಮೇಲೆ ಬೂಷ್ಟು ಸುಲಭವಾಗಿ ಬೆಳೆಯದು. ಗೋಡೆಯ ತೇವ ಹೊರಗೆ ಹೋಗಲೂ ಬಿಡುತ್ತದೆ.

ಈ ತಿಳುವಳಿಕೆ ಹೊಸದಲ್ಲ. ಬೈಬಲಿನ ಯಾಜಕಕಾಂಡದ 14ನೇ ಅಧ್ಯಾಯದಲ್ಲಿ ಮನೆಗೋಡೆಗೆ ಬರುವ ಬೂಷ್ಟಿನ ವಿಚಾರ ಇದೆ. ಮನೆ ಖಾಲಿ ಮಾಡಿ, ಏಳು ದಿನ ಮುಚ್ಚಿ, ಮತ್ತೆ ಪರೀಕ್ಷಿಸಿ, ಹಾಳಾದ ಕಲ್ಲು ತೆಗೆದು, ಗಾರೆ ಕೆರೆದು ಊರಾಚೆ ಹಾಕಿ, ಹೊಸ ಗಾರೆ ಮೆತ್ತಬೇಕು ಎಂದು ಅಲ್ಲಿ ಹೇಳಿದೆ. ಕಲೆಯನ್ನು ಮುಚ್ಚಿಬಿಡಿ ಎಂದು ಹೇಳಿಲ್ಲ.

ಕಾಳು, ಸೊಪ್ಪು ಗೋಡೆಗೆ ತಾಗಿಸಬೇಡಿ

ಗೋಡೆಯ ತೇವ ಮೂಟೆಗೆ ಹೋಗುತ್ತದೆ. ಹುಣಸೂರು, ಪಿರಿಯಾಪಟ್ಟಣ, ಹೆಚ್.ಡಿ.ಕೋಟೆಯಲ್ಲಿ ಬ್ಯಾರನ್‌ನಿಂದ ತೆಗೆದ ಹೊಗೆಸೊಪ್ಪನ್ನು ಹರಾಜಿಗೆ ಹೋಗುವ ತನಕ ಮನೆಯೊಳಗೇ ಪೇರಿಸಿಡುತ್ತೇವೆ. ತೇವದ ಗೋಡೆಗೆ ತಾಗಿದರೆ ಬೂಷ್ಟು ಹಿಡಿದು ದರ ಬೀಳುತ್ತದೆ. ಅದನ್ನು ಬಿಡಿಸಿ ವಿಂಗಡಿಸುವಾಗ ಆ ಧೂಳನ್ನು ಕುಡಿಯುವವರೂ ನಾವೇ, ಹೆಂಗಸರು.

ಜೋಳ, ಕಡಲೆಕಾಯಿಯ ಬೂಷ್ಟು ಇನ್ನೂ ಕೆಟ್ಟದ್ದು. ಅದರಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟಬಹುದು. ಅದು ಈರಲಿಗೆ (ಪಿತ್ತಜನಕಾಂಗಕ್ಕೆ) ಹೊಡೆತ. ತೊಳೆದರೂ ಬೇಯಿಸಿದರೂ ಪೂರ್ತಿ ಹೋಗದು. 1974ರಲ್ಲಿ ರಾಜಸ್ಥಾನ, ಗುಜರಾತಿನ ಆದಿವಾಸಿ ಹಳ್ಳಿಗಳಲ್ಲಿ ಅಕಾಲ ಮಳೆಗೆ ನೆನೆದು ಬೂಷ್ಟು ಹಿಡಿದ ಮುಸುಕಿನ ಜೋಳ ತಿಂದು 100ಕ್ಕೂ ಹೆಚ್ಚು ಜನ ತೀರಿಕೊಂಡರು. ಬೂಷ್ಟು ಬಂದ ಜೋಳವನ್ನು ಹಸುವಿಗೂ ಹಾಕಬೇಡಿ, ವಿಷ ಹಾಲಿಗೆ ಬರುತ್ತದೆ. ಮೂಟೆಗಳನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ದೂರ ಇಡಿ.

ಸಂಘ ಏನು ಮಾಡಬಹುದು?

2019ರ ಆಗಸ್ಟ್‌ನಲ್ಲಿ ಕಬಿನಿ, ಲಕ್ಷ್ಮಣತೀರ್ಥ, ಕಾವೇರಿ ಉಕ್ಕಿದಾಗ ಹೊಳೆ ದಂಡೆಯ ಮನೆಗಳಿಗೆ ನೀರು ನುಗ್ಗಿತ್ತು. ಅಂಥ ಪ್ರವಾಹದಲ್ಲಿ ನೀರು ಇಳಿದ ಮೇಲೂ ಗೋಡೆ ವಾರಗಟ್ಟಲೆ ಹಸಿಯಾಗಿರುತ್ತದೆ. ಒಬ್ಬರ ಮನೆ ಒಬ್ಬರಿಂದ ಒಣಗದು, ನಾಲ್ಕು ಕೈ ಬೇಕು. ಆದ್ದರಿಂದ ಸಂಘಗಳಿಗೆ ನಮ್ಮ ಸಲಹೆ ಇಷ್ಟು.

ಮೇ ತಿಂಗಳಲ್ಲಿ, ಮಳೆಗೆ ಮೊದಲು, ಒಂದು ದಿನ ಎಲ್ಲಾ ಸದಸ್ಯರ ಮನೆಯ ಸೂರು, ತಾರಸಿ ಕೊಳವೆ, ಗೋಡೆ ಬುಡ ನೋಡಿ ಬನ್ನಿ. ಕೊಳವೆ ಕಟ್ಟಿದ್ದರೆ ಅಂದೇ ತೆಗೆಯಿರಿ. ಮನೆ ರಿಪೇರಿಗೆ ಸಾಲ ಕೇಳಿದರೆ ಮೊದಲು ಮನೆ ನೋಡಿ, ಆಮೇಲೆ ಕೊಡಿ. ಬಣ್ಣಕ್ಕೆ ಸಾಲ ಬೇಡ, ಸೋರಿಕೆ ನಿಲ್ಲಿಸಲು ಸಾಲ ಇರಲಿ. ಚರಂಡಿ ನೀರು ಒಂದು ಬೀದಿಯ ಎಲ್ಲಾ ಗೋಡೆಗೂ ನಿಲ್ಲುತ್ತಿದ್ದರೆ ಅದು ಒಬ್ಬಳ ಸಮಸ್ಯೆ ಅಲ್ಲ. ಸಂಘದ ಲೆಟರ್‌ಹೆಡ್‌ನಲ್ಲಿ ಅರ್ಜಿ ಬರೆದು, ಎಲ್ಲರೂ ಸಹಿ ಹಾಕಿ, ಗ್ರಾಮಸಭೆಯಲ್ಲಿ ಕೊಡಿ. ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿ.

ಹನಿ ಹನಿ ಕೂಡಿದರೆ ಹಳ್ಳ ಎಂದು ನಮ್ಮ ಉಳಿತಾಯಕ್ಕೆ ನಾವು ಹೇಳಿಕೊಳ್ಳುತ್ತೇವೆ. ಗೋಡೆಗೂ ಅದೇ ಮಾತು. ಒಂದೊಂದೇ ಹನಿ ಕೂಡಿ ಮನೆಯನ್ನೂ ಮಗುವಿನ ಎದೆಯನ್ನೂ ಹಾಳು ಮಾಡುತ್ತದೆ. ಹನಿ ಚಿಕ್ಕದಿರುವಾಗಲೇ ನಿಲ್ಲಿಸೋಣ.

ಮುಂದಿನ ಸಭೆಯಲ್ಲಿ ಚರ್ಚಿಸಿ:

1. ನಮ್ಮ ಸಂಘದಲ್ಲಿ ಎಷ್ಟು ಮನೆಗಳಿಗೆ ಬೂಷ್ಟು ಇದೆ? ಆ ಮನೆಗಳಲ್ಲಿ ಕೆಮ್ಮುವ ಮಕ್ಕಳಿದ್ದಾರೆಯೇ?

2. ಪ್ರತಿ ಮನೆಗೂ ಐದು ದಾರಿಗಳಲ್ಲಿ ಯಾವುದರಿಂದ ನೀರು ಬರುತ್ತಿದೆ?

3. ದುಡ್ಡಿಲ್ಲದೆ ಸರಿ ಮಾಡಬಹುದಾದ್ದು ಯಾವುದು? ಸಾಲ ಬೇಕಾದ್ದು ಯಾವುದು? ಪಂಚಾಯಿತಿಗೆ ಹೋಗಬೇಕಾದ್ದು ಯಾವುದು?